ಪ್ರಕೃತಿ ವಿಕೋಪವಲ್ಲ, ಜೆಸಿಬಿ ವಿಕೋಪ



‘ವಿ.ವಿ. ಹಾಸ್ಟೆಲ್ ಹಿಂದೆ ಧರೆ ಕುಸಿತ: ಪ್ರಾಣಾಪಾಯವಿಲ್ಲ’ ಎಂದು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ ಬಂದಿದೆ. ಕೊನೆಗೆ ಕುಲಸಚಿವರ ಹೇಳಿಕೆ: ಇದು ಪ್ರಕೃತಿ ವಿಕೋಪ, ಪೋಷಕರು ಆತಂಕಪಡಬೇಕಾಗಿಲ್ಲ. ನನ್ನ ಮಗಳು ಅದೇ ಹಾಸ್ಟೆಲಿನಲ್ಲಿದ್ದಾಳೆ. ಆತಂಕಪಡುವುದಕ್ಕೆ ನನಗೆ ಕುಲಸಚಿವರ ಅನುಮತಿ ಬೇಕಿಲ್ಲ.

ಪ್ರಕೃತಿಯ ಮೇಲೆ ಗೂಬೆ ಕೂರಿಸುವುದು ಸುಲಭ. ಅದು ಪತ್ರಿಕೆಗೆ ಸ್ಪಷ್ಟನೆ ಕಳಿಸುವುದಿಲ್ಲ. ಆದರೆ ಆ ಧರೆಯನ್ನು ಜೆಸಿಬಿ ತಂದು ಗೋಡೆಯ ಹಾಗೆ ನೆಟ್ಟಗೆ ಕಡಿಸಿದವರು ಯಾರು? ಅತಿಥಿಗೃಹಕ್ಕೆ ಕಾರು ಹೋಗುವ ರಸ್ತೆ ಬೇಕಿತ್ತು, ಕಡಿಸಿದರು. ತೆಗೆದ ಮಣ್ಣನ್ನು ಎಲ್ಲಿಗೂ ಸಾಗಿಸದೆ ಮಳೆನೀರು ಇಳಿಯುವ ಕಣಿಗೇ ಸುರಿದರು. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿ ಮಣ್ಣು. ಶೇಡಿಗೆ ನೀರು ಇಳಿದರೆ ಅದು ನಿಲ್ಲುವುದಿಲ್ಲ, ಹರಿಯುತ್ತದೆ. ಬಾವಿ ತೋಡುವವರಿಗೆಲ್ಲ ಗೊತ್ತಿರುವ ಈ ಸಂಗತಿ ಇಷ್ಟು ಮಂದಿ ಡಾಕ್ಟರೇಟ್ ಪಡೆದವರಿರುವ ಜಾಗದಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಧರೆ ಕುಸಿದ ರಾತ್ರಿ ನಡೆದದ್ದು ನಿಮ್ಮ ವರದಿಯಲ್ಲಿ ಪೂರ್ತಿ ಬಂದಿಲ್ಲ. ಕರೆಂಟು ಹೋಗಿತ್ತು. ಹಿಂಬದಿಯ ಕೋಣೆಗಳ ಕಿಟಕಿಯಿಂದ ಕೆಸರು ಒಳಗೆ ಬರುತ್ತಿದೆ, ಮುಂದಿನ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ! ಹುಡುಗಿಯರ ಸುರಕ್ಷತೆಗಂತೆ. ಕೀಲಿಕೈ ಇದ್ದದ್ದು ಮುಖ್ಯದ್ವಾರದ ವಾಚ್‌ಮನ್ ಹತ್ತಿರ. ಅವರ ಫೋನಿಗೆ ನೆಟ್‌ವರ್ಕ್ ಇಲ್ಲ. ವಾರ್ಡನ್ ಇರುವುದು ಪೇಟೆಯಲ್ಲಿ. ಮಕ್ಕಳು ಊಟದ ಹಾಲಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು, ಅಡುಗೆಯಾಕೆ ಬೆಳಗಿನ ಪಾಳಿಗೆ ಬಂದು ಕೂಗು ಹಾಕಿದ ಮೇಲೆ ಹೊರಬಿದ್ದರು. ಮರುದಿನ ನಾನು ಹೋಗಿ ನೋಡಿದಾಗ ‘ತುರ್ತು ಸಂದರ್ಭದಲ್ಲಿ ಸೇರುವ ಸ್ಥಳ’ ಎಂಬ ಹಸಿರು ಬೋರ್ಡು ಧರೆಯ ಬುಡದಲ್ಲೇ, ಅರ್ಧ ಕೆಸರಿನಲ್ಲಿ ಹೂತು ನಿಂತಿತ್ತು. ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಹಾಕಿದ್ದಂತೆ. ತಂಡದವರು ಫೋಟೊ ತೆಗೆದುಕೊಂಡೂ ಹೋಗಿರಬಹುದು.

ಅನುದಾನವಿಲ್ಲ ಎನ್ನುತ್ತಾರೆ. ಬೀಗಕ್ಕೆ ಇನ್ನೊಂದು ಕೀಲಿಕೈ ಮಾಡಿಸಲು ಎಷ್ಟು ಅನುದಾನ ಬೇಕು, ಸ್ವಾಮಿ? ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 2023ರ ನವೆಂಬರಿನಲ್ಲಿ ಗುಡ್ಡ ಕುಸಿದಿರಲಿಲ್ಲ, ನೆರೆ ಬಂದಿರಲಿಲ್ಲ. ಉತ್ಸವದ ಹೊತ್ತಿಗೆ ಮಳೆ ಬಂತು, ಹೊರಗಿದ್ದವರು ಸಭಾಂಗಣಕ್ಕೆ ನುಗ್ಗಿದರು, ಮೆಟ್ಟಿಲಲ್ಲಿ ಬಿದ್ದು ನಾಲ್ವರು ಸತ್ತರು. ಬಾಗಿಲು ಎಲ್ಲಿ, ಯಾರು ತೆಗೆಯಬೇಕು ಎನ್ನುವುದೇ ಜೀವದ ಪ್ರಶ್ನೆಯಾಗುತ್ತದೆ ಎಂಬುದಕ್ಕೆ ಇನ್ನೆಷ್ಟು ಉದಾಹರಣೆ ಬೇಕು?

ಈಗ ವಿ.ವಿ.ಯವರು ಮಾಡಿದ್ದೇನು? ವಿಪತ್ತು ನಿರ್ವಹಣೆಯ ಬಗ್ಗೆ ವಿಚಾರ ಸಂಕಿರಣ. ದೀಪ ಬೆಳಗಿದರು, ಶಾಲು ಹೊದೆಸಿದರು, ಪ್ರಾಸ್ತಾವಿಕ ನುಡಿಯೇ ಮುಕ್ಕಾಲು ಗಂಟೆ. ಪರಿಸರ ಅಧ್ಯಯನದ ಕಡ್ಡಾಯ ಪತ್ರಿಕೆಯಲ್ಲಿ ಪ್ರವಾಹ, ಭೂಕಂಪ, ಚಂಡಮಾರುತ, ಭೂಕುಸಿತ ಎಲ್ಲವೂ ಇದೆ. ಮಕ್ಕಳು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಾರೆ. ಅಣಕು ಕಾರ್ಯಾಚರಣೆ ಮಾತ್ರ ಒಮ್ಮೆಯೂ ನಡೆದದ್ದಿಲ್ಲ.

ಇನ್ನೊಂದು ವಿಷಯ, ಇದನ್ನೂ ಹೇಳದೆ ಬಿಡಲಾರೆ. ಆ ದಿನ ರೆಡ್ ಅಲರ್ಟ್ ಇತ್ತು. ಜಿಲ್ಲಾಡಳಿತ ರಜೆ ಕೊಟ್ಟದ್ದು ಅಂಗನವಾಡಿಯಿಂದ ಪಿಯುಸಿವರೆಗೆ. ರೆಡ್ ಅಲರ್ಟ್ ಎಂದರೆ ಒಂದೇ ದಿನಕ್ಕೆ 204 ಮಿ.ಮೀ. ಮೀರುವ ಮಳೆ. ಪಿಯುಸಿ ಪಾಸಾದವರನ್ನು ಮಾತ್ರ ಆ ಮಳೆ ಮುಟ್ಟುವುದಿಲ್ಲವೇ? ವಿ.ವಿ.ಗೆ ರಜೆ ಕುಲಪತಿಗಳ ವಿವೇಚನೆಗೆ ಬಿಟ್ಟದ್ದಂತೆ. ಅವರ ವಿವೇಚನೆ ಪ್ರಕಾರ ಅಂದಿನ ಪರೀಕ್ಷೆ ಮುಂದಕ್ಕೆ ಹೋಗಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಮಕ್ಕಳು ಕೆಸರುಕಾಲಿನಲ್ಲೇ ಹೋಗಿ ಬರೆದರು. ಮನೆಯಿಂದ ಬರುವವರು ಘಟ್ಟದ ರಸ್ತೆಯ ಬಸ್ಸು ಹಿಡಿದು ಬಂದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಪಕ್ಕದ ಚಹಾದಂಗಡಿಯನ್ನೂ ಅದರಲ್ಲಿದ್ದವರನ್ನೂ ನುಂಗಿದ್ದು ಇಷ್ಟು ಬೇಗ ಮರೆತುಹೋಯಿತೇ? ಅದಾದ ಎರಡೇ ವಾರಕ್ಕೆ ವಯನಾಡಿನ ಭೂಕುಸಿತದಲ್ಲಿ ವೆಳ್ಳಾರ್ಮಲದ ಶಾಲೆ ಜಖಂಗೊಂಡ ಚಿತ್ರ ನಿಮ್ಮದೇ ಮುಖಪುಟದಲ್ಲಿ ಬಂದಿತ್ತು.

ಮತ್ತೆ ಹೇಳುತ್ತೇನೆ: ಧರೆ ಕಡಿದದ್ದು, ಕಣಿ ಮುಚ್ಚಿದ್ದು, ಬೀಗ ಹಾಕಿದ್ದು ಮಳೆಯಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಭೂವಿಜ್ಞಾನ ಬಲ್ಲವರನ್ನು ಜೊತೆಗೆ ಕರೆದುಕೊಂಡು ಅವರೇ ಬಂದು ಆ ಧರೆ ನೋಡಲಿ. ಗಟ್ಟಿಯಿದೆ ಎಂದು ಆ ತಜ್ಞರು ಬರೆದುಕೊಡುವ ತನಕ ಹಿಂಬದಿಯ ಕೋಣೆಗಳಿಗೆ ಮಕ್ಕಳನ್ನು ಕಳಿಸಬಾರದು. ಬೇಕಿದ್ದರೆ ಅತಿಥಿಗೃಹ ಬಿಟ್ಟುಕೊಡಲಿ, ಹೇಗೂ ಖಾಲಿಯೇ ಇದೆ. ಮತ್ತು ಜಿಲ್ಲಾಧಿಕಾರಿಗಳು ಬರುವಾಗ ಹಾರ, ಶಾಲು ಬೇಡವೆಂದು ಮೊದಲೇ ತಿಳಿಸಿದರೆ ಒಳ್ಳೆಯದು.

– ವಿದ್ಯಾರ್ಥಿನಿಯೊಬ್ಬಳ ತಂದೆ
(ಮಗಳಿಗೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ, ಹೆಸರು, ಊರು ಪ್ರಕಟಿಸಬೇಡಿ)