ಏಸಿಗೆ ಮುನ್ನ ತಾರಸಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹೊಸ ಬಡಾವಣೆಗಳಲ್ಲಿ ಏಸಿಯೆಂಬ ಶೈತ್ಯಯಂತ್ರವು ಈಗ ಸಿರಿವಂತರ ವಿಲಾಸವಾಗಿ ಉಳಿಯದೆ, ಮಧ್ಯಮವರ್ಗದ ಗೃಹಸ್ಥನೂ ಕಂತಿನ ಮೇಲೆ ಕೊಂಡು ತರುವ ವಸ್ತುವಾಗಿ ಪರಿಣಮಿಸುತ್ತಿದೆ. ಹಗಲೆಲ್ಲ ಬಿಸಿಲಿಗೆ ಕಾದ ಕಾಂಕ್ರೀಟು ತಾರಸಿಯು ಇರುಳಿನಲ್ಲಿ ಆ ಕಾವನ್ನು ಕೋಣೆಯೊಳಕ್ಕೆ ಇಳಿಸುತ್ತಿರಲು, ಹಸುಳೆಗಳೂ ವೃದ್ಧರೂ ಇರುವ ಮನೆಯವರು ತಂಪನ್ನು ಅಪೇಕ್ಷಿಸುವುದು ಸಹಜವೇ ಸರಿ. ಆದರೆ ಕೊಳ್ಳುವ ಮುನ್ನ ಒಂದು ಲೆಕ್ಕವನ್ನು ಅವರು ತಿಳಿದಿರತಕ್ಕದ್ದು.

ಒಂದೂವರೆ ಟನ್ನಿನ ಏಸಿ ಪೂರ್ಣಬಲದಿಂದ ನಡೆಯುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ವ್ಯಯವಾಗುತ್ತದೆ. ಕೋಣೆ ತಣಿದ ತರುವಾಯ ಅದರ ಬೇಡಿಕೆ ಇಳಿಯುವುದರಿಂದ ಸರಾಸರಿ ಒಂದೇ ಯೂನಿಟ್ ಎಂದು ಹಿಡಿದರೂ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್ ಆಯಿತು. 2023ರಲ್ಲಿ ಜಾರಿಗೆ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನಿಯಮದಂತೆ ಬಳಕೆಯು 200 ಯೂನಿಟ್ ಮೀರಿದ ತಿಂಗಳು, ಮೀರಿದಷ್ಟಕ್ಕೇ ನಿಲ್ಲದೆ, ಇಡೀ ಬಿಲ್ಲನ್ನು ತೆರಬೇಕಾಗುವುದು. ತೊಂಬತ್ತು ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿದ್ದ ಸಂಸಾರವು ಏಸಿ ಹಾಕಿಸಿದೊಡನೆ 330 ಯೂನಿಟ್ಟಿಗೆ, ಸುಮಾರು ಆರು ರೂಪಾಯಿ ದರದಲ್ಲಿ, ನಿಗದಿತ ಶುಲ್ಕವೂ ತೆರಿಗೆಯೂ ಸೇರಿ ಎರಡು ಸಾವಿರ ರೂಪಾಯಿಗೂ ಮಿಕ್ಕ ಮೊತ್ತವನ್ನು ಬೆಸ್ಕಾಂಗೆ ಕಟ್ಟಬೇಕು. ಯಂತ್ರದ ಕಂತು ಬೇರೆ.

ಉಷ್ಣವನ್ನು ಆಳುವ ವಿದ್ಯೆ ಈ ಸೀಮೆಗೆ ಹೊಸತೇನೂ ಅಲ್ಲ. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಅಲ್ಲಿಗೆ ಗೂಡು ತರುವ ರೈತನು, ಚಾಕಿ ಎಂಬ ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ, ನಾಲ್ಕನೆಯ ಜ್ವರವೆದ್ದ, ಎಂದರೆ ನಾಲ್ಕನೆಯ ಸಲ ಪೊರೆ ಕಳಚಿದ, ಹುಳುವಿಗೆ 24-25 ಡಿಗ್ರಿ ಬೇಕೆಂಬುದನ್ನು ಅನುಭವದಿಂದ ಬಲ್ಲವನು. ಆತನು ಹುಳುಮನೆಯ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ನೆನೆಸಿದ ಗೋಣಿತಾಟು ಕಟ್ಟಿ, ಸುತ್ತ ಮರದ ನೆರಳನ್ನು ಬೆಳೆಸಿ, ಬಿಸಿಲು ಒಳಹೊಗುವ ಮೊದಲೇ ಅದನ್ನು ತಡೆಯುತ್ತಾನೆ. ಹುಳುವಿಗಾಗಿ ಇಷ್ಟು ವಿವೇಕ ತೋರುವ ಸೀಮೆಯಲ್ಲಿ, ಮನುಷ್ಯರು ವಾಸಿಸುವ ಮನೆಗಳನ್ನು ಮಾತ್ರ ನೆರಳಿಲ್ಲದ ನಿವೇಶನದಲ್ಲಿ, ಪಶ್ಚಿಮಕ್ಕೆ ಗಾಜಿನ ಕಿಟಕಿಯಿಟ್ಟು, ಬರಿಯ ತಾರಸಿಯ ಕೆಳಗೆ ಕಟ್ಟುತ್ತಿರುವುದು ನನಗೆ ಬಹಳ ವ್ಯಥೆಯನ್ನುಂಟುಮಾಡುತ್ತದೆ. ಅಂಥ ಕೋಣೆಯಲ್ಲಿ ಏಸಿಯು ರಾತ್ರಿಯಿಡೀ ತಾರಸಿಯೊಡನೆ ಹೋರಾಡುತ್ತಿರುತ್ತದೆ. ಆ ಹೋರಾಟದ ಖರ್ಚೂ ಬಿಲ್ಲಿಗೆ ಸೇರುತ್ತದೆ.

ಸ್ಟಾರ್ ಗುರುತಿನ ಏಸಿಗಳು ಮೊದಲಿಗೆ 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂದು ಕೇಂದ್ರ ಸರ್ಕಾರವು 2020ರಿಂದ ವಿಧಿಸಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಸಂಸ್ಥೆಯ ಗಣನೆ. ಹೀಗಿದ್ದೂ ಹದಿನೆಂಟಕ್ಕೆ ಇಳಿಸಿ ಕಂಬಳಿ ಹೊದೆಯುವವರು ಉಂಟು. ಫ್ಯಾನು ತಿರುಗುತ್ತಿದ್ದರೆ 26 ಡಿಗ್ರಿಯಲ್ಲಿ ಸುಖನಿದ್ರೆ ಬರುತ್ತದೆ.

ಆದುದರಿಂದ ಏಸಿ ಕೊಳ್ಳಲು ನಿಶ್ಚಯಿಸಿರುವ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಮುನ್ನವೇ ತಾರಸಿಗೆ ಬಿಳಿಯ ಸುಣ್ಣ ಬಳಿಸಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ಮರೆ ಕಟ್ಟಿಸಿ, ಒಂದು ತಿಂಗಳು ಮಲಗಿ ನೋಡಿರಿ, ಆ ಮೇಲೂ ಯಂತ್ರ ಬೇಕೆನಿಸಿದರೆ ಕೊಳ್ಳಿರಿ.