ಸೊಳ್ಳೆಯ ಪ್ರಶ್ನೆ, ಸದ್ದಿನ ಉತ್ತರ

1905ರ ಜುಲೈ 27ರ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಕಾಗದ ಅಚ್ಚಾಯಿತು. ಬರೆದವರು ಲಂಡನ್ನಿನ ಕಾರ್ಲ್ ಪಿಯರ್ಸನ್, ಆ ಕಾಲದ ಸಂಖ್ಯಾಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರು ಕೇಳಿದ್ದು ಇಷ್ಟು: ಒಬ್ಬ ಮನುಷ್ಯ ಒಂದು ಜಾಗದಿಂದ ಹೊರಟು ನೇರವಾಗಿ ಕೆಲವು ಗಜ ನಡೆಯುತ್ತಾನೆ. ನಿಂತು, ಯಾವುದೋ ಒಂದು ದಿಕ್ಕಿಗೆ ತಿರುಗಿ, ಮತ್ತೆ ಅಷ್ಟೇ ಗಜ ನಡೆಯುತ್ತಾನೆ. ಹೀಗೇ ಹಲವು ಸಲ. ಕೊನೆಗೆ ಅವನು ಹೊರಟ ಜಾಗದಿಂದ ಇಂತಿಷ್ಟು ದೂರದಲ್ಲಿರುವ ಸಂಭವನೀಯತೆ ಎಷ್ಟು? ಉತ್ತರ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ ಎಂದು ಓದುಗರನ್ನು ಕೇಳಿಕೊಂಡಿದ್ದರು.

ಒಂದೇ ವಾರಕ್ಕೆ ಉತ್ತರ ಬಂತು. ಕೊಟ್ಟವರು ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಪಡೆದಿದ್ದ ಲಾರ್ಡ್ ರೇಲೀ. ಇದನ್ನು ತಾವು 1880ರಲ್ಲೇ ಬಿಡಿಸಿದ್ದಾಗಿ ಅವರು ಬರೆದರು. ಆದರೆ ಅಲ್ಲಿ ನಡೆಯುವ ಮನುಷ್ಯ ಇರಲಿಲ್ಲ, ಸದ್ದಿನ ಅಲೆಗಳಿದ್ದವು. ಒಂದೇ ಸ್ವರ ನುಡಿಸುವ ನೂರು ಪಿಟೀಲುಗಳನ್ನು ನೆನೆಯಿರಿ. ಒಂದರ ಅಲೆ ಏರುವ ಹೊತ್ತಿಗೆ ಇನ್ನೊಂದರದು ಇಳಿಯುತ್ತಿರಬಹುದು. ಯಾವುದು ಯಾವಾಗ ಏರುತ್ತದೆ ಎಂಬುದಕ್ಕೆ ಕಟ್ಟುಪಾಡಿಲ್ಲ. ಎಲ್ಲ ಕೂಡಿದಾಗ ಅಲೆಯ ಎತ್ತರ ಎಷ್ಟಾದೀತು? ಒಂದೊಂದು ಪಿಟೀಲನ್ನೂ ಒಂದೊಂದು ಹೆಜ್ಜೆ ಎಂದುಕೊಂಡರೆ ಎರಡೂ ಒಂದೇ ಲೆಕ್ಕ. ಸದ್ದಿನ ಪ್ರಬಂಧದಲ್ಲಿ ತಮಗೆ ಬೇಕಾದದ್ದು ಇದ್ದೀತೆಂದು ತಾವು ನಿರೀಕ್ಷಿಸಿರಲಿಲ್ಲವೆಂದು ಪಿಯರ್ಸನ್ ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಂಡು, ಕೃತಜ್ಞತೆ ಹೇಳಿದರು.

ಈ ಪ್ರಶ್ನೆಯ ಹಿಂದೆ ಇದ್ದದ್ದು ಸೊಳ್ಳೆ. ಮಲೇರಿಯಾ ತರುವ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಕೊಂಡ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದವರು. ಬಂಗಲೆಯ ಹೊರಗೆ ನೀರು ನಿಂತ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅವರು ಅರಿತದ್ದು ಇಲ್ಲಿಯೇ. ಮುಂದೆ ಊರೂರಿನಲ್ಲಿ ನಿಂತ ನೀರು ತೆಗೆಸಬೇಕೆಂದು ಅವರು ಹಟ ಹಿಡಿದಾಗ ಎದುರಾಳಿಗಳು ಒಂದು ನ್ಯಾಯವಾದ ಆಕ್ಷೇಪ ಎತ್ತಿದರು: ಊರೊಳಗೆ ನೀರು ತೆಗೆದರೇನು, ಹೊರಗಿನಿಂದ ಸೊಳ್ಳೆ ಹಾರಿ ಬರುವುದಿಲ್ಲವೇ? ಲಾಹೋರಿನ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ನಡೆದ ಪ್ರಯೋಗ ಸೋತಿತೆಂದು ಬೇರೆ ಅಧಿಕಾರಿಗಳು ವರದಿ ಕೊಟ್ಟಿದ್ದರು. ರಾಸ್ ಅದನ್ನು ಒಪ್ಪಲಿಲ್ಲ. ಸೊಳ್ಳೆ ತನ್ನ ಜೀವಮಾನದಲ್ಲಿ ಹುಟ್ಟಿದ ನೀರಿನಿಂದ ಎಷ್ಟು ದೂರ ಹೋದೀತು ಎಂಬುದನ್ನು ಅವರು ಗಣಿತದಿಂದಲೇ ತೀರ್ಮಾನಿಸಲು ಹೊರಟರು. ಒಂದು ಗೆರೆಯ ಮೇಲೆ ಹಿಂದೆ ಮುಂದೆ ಹಾರುವ ಸೊಳ್ಳೆಯ ಲೆಕ್ಕ ಅವರಿಗೆ ದಕ್ಕಿತು. ಬಯಲಿನಲ್ಲಿ ಎತ್ತ ಬೇಕಾದರೂ ಹಾರುವುದರ ಲೆಕ್ಕಕ್ಕೆ ಪಿಯರ್ಸನ್ ಬೇಕಾದರು.

ಪಿಯರ್ಸನ್ ಕಾಗದದಲ್ಲಿ ಸೊಳ್ಳೆಯ ಸುಳಿವೇ ಇಲ್ಲ, ಅದರ ಬಲ ಇರುವುದೇ ಅಲ್ಲಿ ಎಂದು ನನಗನ್ನಿಸುತ್ತದೆ. ಸೊಳ್ಳೆ, ನೀರು, ಗಾಳಿ ಎಂದೆಲ್ಲ ಬರೆದಿದ್ದರೆ ವೈದ್ಯರು ಓದುತ್ತಿದ್ದರು, ರೇಲೀ ಪುಟ ತಿರುವಿಬಿಡುತ್ತಿದ್ದರೋ ಏನೋ. ಅವನ್ನೆಲ್ಲ ಬಿಟ್ಟ ಮೇಲೆ ಉಳಿದದ್ದು ಒಂದು ಹೆಜ್ಜೆಯ ಉದ್ದ, ಎಷ್ಟು ಹೆಜ್ಜೆ, ಮತ್ತು ‘ಯಾವ ದಿಕ್ಕಿಗಾದರೂ’ ಎಂಬ ಮಾತು. ಆ ಮಾತನ್ನು ಹಗುರವಾಗಿ ಓದಬಾರದು. ಎಲ್ಲ ದಿಕ್ಕುಗಳಿಗೂ ಸಮಾನ ಅವಕಾಶ, ಹಿಂದಿನ ಹೆಜ್ಜೆಯ ನೆನಪು ಮುಂದಿನದಕ್ಕೆ ಇಲ್ಲ ಎಂಬ ಎರಡು ಕರಾರು ಅದರಲ್ಲಿವೆ. ಸಂಭವನೀಯತೆಯ ಲೆಕ್ಕಗಳಲ್ಲಿ ನಮ್ಮ ಮಕ್ಕಳು ಎಡವುವುದು ಬಹುಪಾಲು ಇಂಥ ಕಡೆ. ಸೂತ್ರ ಬಾಯಿಗೆ ಬಂದಿರುತ್ತದೆ. ಯಾವುದಕ್ಕೆ ಸಮಾನ ಅವಕಾಶ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಇರುವುದಿಲ್ಲ.

ಈಗ ಉತ್ತರಕ್ಕೆ ಬರೋಣ. ಹೆಜ್ಜೆಯ ಉದ್ದ ಒಂದು ಮೀಟರ್ ಎಂದಿಟ್ಟುಕೊಳ್ಳಿ. ನಡೆಯುವವನು ಈಗ ಮೂಲದಿಂದ ಸ್ವಲ್ಪ ದೂರದಲ್ಲಿದ್ದಾನೆ. ಮುಂದಿನ ಹೆಜ್ಜೆ ಅವನನ್ನು ಇನ್ನೂ ದೂರ ಒಯ್ಯಬಹುದು, ಹತ್ತಿರಕ್ಕೂ ತರಬಹುದು. ಸರಾಸರಿಯಲ್ಲಿ ಇವೆರಡೂ ವಜಾ ಆಗುತ್ತವೆ. ಆಗ ಆ ಹೆಜ್ಜೆ ಅಡ್ಡಕ್ಕೆ, ಲಂಬಕೋನದಲ್ಲಿ ಇಟ್ಟಂತೆ ಲೆಕ್ಕಕ್ಕೆ ಸಿಗುತ್ತದೆ. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತ ಎಂದು ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಹಾಗಾಗಿ ಒಂದೊಂದು ಹೆಜ್ಜೆಗೂ ದೂರದ ವರ್ಗ ಸರಾಸರಿ ಒಂದರಷ್ಟು ಬೆಳೆಯುತ್ತದೆ. ನೂರು ಹೆಜ್ಜೆಯಾದ ಮೇಲೆ ಅದು ನೂರು. ಅಂದರೆ ದೂರ ಸುಮಾರು ಹತ್ತು ಮೀಟರ್. ಎರಡರಷ್ಟು ದೂರ ಹೋಗಬೇಕಾದರೆ ನಾಲ್ಕರಷ್ಟು ಹೆಜ್ಜೆ ಬೇಕು. ನೂರು ಪಿಟೀಲಿನ ಅಲೆಯ ಎತ್ತರ ಒಂದು ಪಿಟೀಲಿನದಕ್ಕಿಂತ ನೂರರಷ್ಟಾಗದೆ ಸುಮಾರು ಹತ್ತರಷ್ಟಾಗುವುದೂ ಇದರಿಂದಲೇ.

ಹಾಗಾದರೆ ನೂರು ಹೆಜ್ಜೆ ಇಟ್ಟವನು ಎಲ್ಲಿ ಸಿಕ್ಕಾನು? ಕುಡಿದವನು ಬಯಲಲ್ಲಿ ತೂರಾಡುತ್ತ ನಡೆದರೆ ಅವನು ಸಿಗುವ ಸಂಭವ ಹೆಚ್ಚಿರುವುದು ಹೊರಟ ಜಾಗದ ಆಸುಪಾಸಿನಲ್ಲೇ ಎಂದು ಪಿಯರ್ಸನ್ ಹೇಳಿದರು. ಸರಿಯೇ. ಆದರೆ ರೇಲೀ ಸೂತ್ರದಂತೆ ಅವನು ಮೂಲದಿಂದ ಒಂದು ಮೀಟರಿನೊಳಗೆ ಇರುವ ಸಂಭವನೀಯತೆ ನೂರಕ್ಕೆ ಒಂದು ಮಾತ್ರ. ಏಳರಿಂದ ಎಂಟು ಮೀಟರಿನ ನಡುವೆ ಇರುವುದು ನೂರಕ್ಕೆ ಎಂಟೂವರೆ. ಒಂದಕ್ಕೊಂದು ಎದುರಾದಂತೆ ಕಾಣುವ ಈ ಎರಡೂ ನಿಜ, ಏಕೆಂದರೆ ಇವು ಎರಡು ಬೇರೆ ಪ್ರಶ್ನೆಗಳ ಉತ್ತರ. ಒಂದೇ ಅಳತೆಯ ಚಾಪೆಯನ್ನು ಬಯಲಿನಲ್ಲಿ ಎಲ್ಲಿ ಹಾಸಿದರೆ ಅವನು ಅದರ ಮೇಲೆ ನಿಂತಿರುವ ಸಂಭವ ಹೆಚ್ಚು ಎಂದು ಕೇಳಿದರೆ ಉತ್ತರ ನಡುಮಧ್ಯ. ಎಷ್ಟು ದೂರದಲ್ಲಿರುವ ಸಂಭವ ಎಲ್ಲಕ್ಕಿಂತ ಹೆಚ್ಚು ಎಂದು ಕೇಳಿದರೆ ಉತ್ತರ ಸುಮಾರು ಏಳು ಮೀಟರ್ (ಮೊದಲು ಹೇಳಿದ ಹತ್ತು ಮೀಟರ್ ದೂರದ ವರ್ಗದ ಸರಾಸರಿಯಿಂದ ಬಂದದ್ದು). ಏಳರಿಂದ ಎಂಟು ಮೀಟರಿನ ನಡುವಿನ ಬಳೆಯಾಕಾರದ ಜಾಗ, ಮಧ್ಯದ ಒಂದು ಮೀಟರ್ ತ್ರಿಜ್ಯದ ವೃತ್ತಕ್ಕಿಂತ ಹದಿನೈದರಷ್ಟು ದೊಡ್ಡದು. ಅಲ್ಲಿನ ಒಂದೊಂದು ಚಾಪೆಗೂ ಅವಕಾಶ ಕಡಿಮೆ, ಚಾಪೆಗಳೇ ಬಹಳ. ‘ಎಲ್ಲಿ’ ಎಂಬುದಕ್ಕೂ ‘ಎಷ್ಟು ದೂರ’ ಎಂಬುದಕ್ಕೂ ಇರುವ ಈ ಅಂತರ ತಿಳಿದವರಿಗೆ ಸಂಭವನೀಯತೆಯ ಅರ್ಧ ಗೊಂದಲ ಕಳೆದಂತೆ.

ಅದೇ 1905ರ ಜುಲೈಯಲ್ಲಿ ಜರ್ಮನಿಯ ‘ಅನ್ನಾಲೆನ್ ಡೆರ್ ಫಿಸಿಕ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಪೇಟೆಂಟ್ ಕಚೇರಿಯ ಒಬ್ಬ ನೌಕರನ ಲೇಖನ ಬಂದಿತ್ತು. ಅವನು ಐನ್‌ಸ್ಟೈನ್. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಗೆ ಅಣುಗಳು ಎಲ್ಲ ಕಡೆಯಿಂದ ಡಿಕ್ಕಿ ಹೊಡೆಯುತ್ತವೆ, ಆದ್ದರಿಂದ ಕಣ ಸರಿಯುವ ದೂರದ ವರ್ಗ ಕಾಲಕ್ಕೆ ತಕ್ಕಂತೆ ಬೆಳೆಯಬೇಕು ಎಂದು ಅವನು ತೋರಿಸಿದ್ದ. ಪಿಯರ್ಸನ್ನರ ಮನುಷ್ಯನೇ ಅಲ್ಲಿ ಕಣವಾಗಿದ್ದ. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಜಾನ್ ಪೆರಾಂ ಸೂಕ್ಷ್ಮದರ್ಶಕದಡಿ ಅಂಥ ಕಣಗಳನ್ನು ಅಳೆದು ಅದನ್ನು ಖಚಿತಪಡಿಸಿದರು. ಅಣುಗಳು ನಿಜವಾಗಿ ಇವೆಯೇ ಎಂದು ಶಂಕಿಸುತ್ತಿದ್ದ ಬಹುಪಾಲು ಜನರ ಬಾಯಿ ಅಲ್ಲಿಗೆ ಕಟ್ಟಿತು. 1926ರ ನೊಬೆಲ್ ಪೆರಾಂ ಅವರಿಗೆ ಬಂತು. ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ 1943ರಲ್ಲಿ ನಕ್ಷತ್ರಗಳ ಚಲನೆಯನ್ನೂ ಒಳಗೊಂಡ ತಮ್ಮ ದೊಡ್ಡ ಪ್ರಬಂಧವನ್ನು ಶುರುಮಾಡಿದ್ದೂ ಈ ನಡಿಗೆಯಿಂದಲೇ.

ಸೊಳ್ಳೆಯ ಮಟ್ಟಿಗೆ, ಲೆಕ್ಕ ರಾಸ್ ಕಡೆಗೇ ವಾಲಿತು. ಗೊತ್ತುಗುರಿಯಿಲ್ಲದೆ ಹಾರುವ ಜೀವಿ ಬಹಳ ಹಾರಿದರೂ ಬಹಳ ದೂರ ಹೋಗುವುದಿಲ್ಲ. ಆದ್ದರಿಂದ ಸಾಕಷ್ಟು ಅಗಲದ ಪ್ರದೇಶದಲ್ಲಿ ನೀರು ತೆಗೆದರೆ ಅದರ ನಡುವೆ ಸೊಳ್ಳೆ ಇಳಿಯಲೇಬೇಕು. ಎಷ್ಟು ಅಗಲ ಎಂಬುದು ಮಾತ್ರ ಬೇರೆ ಪ್ರಶ್ನೆ. ಗಾಳಿ ಬೀಸಿದರೆ, ಒಂದು ದಿಕ್ಕಿನಲ್ಲಿ ಕೆರೆಯೋ ದನದ ಕೊಟ್ಟಿಗೆಯೋ ಇದ್ದರೆ, ‘ಯಾವ ದಿಕ್ಕಿಗಾದರೂ’ ಎಂಬ ಕರಾರು ಮುರಿಯುತ್ತದೆ. 1906ರಲ್ಲಿ ಪಿಯರ್ಸನ್ ತಮ್ಮ ಸಹಾಯಕರೊಬ್ಬರ ಜತೆ ಜೀವಿಗಳ ಗೊತ್ತುಗುರಿಯಿಲ್ಲದ ವಲಸೆಯ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೇ ಬರೆದು, ತೆಗೆದಿಟ್ಟಿದ್ದ ಸೊಳ್ಳೆಯನ್ನು ಮತ್ತೆ ಲೆಕ್ಕದೊಳಕ್ಕೆ ಕರೆತಂದರು.