ಬೈದರೆ ಬಿಡುವ ನಿದ್ದೆಯಲ್ಲ

ಪಿಯುಸಿ ಓದುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಬೆಳಗಿನ ಐದೂವರೆಯ ಹೊತ್ತಿಗೆ ರಂಪ ಶುರುವಾಗುತ್ತದೆ. ಮೊಬೈಲ್ ಅಲಾರಂ ಮೂರು ಸಲ ಬಡಿದುಕೊಂಡು ಸುಮ್ಮನಾಗಿರುತ್ತದೆ. ಫ್ಯಾನ್ ಆರಿಸಿ, ಹೊದಿಕೆ ಎಳೆದು ನೋಡಿದ್ದೂ ಆಗಿರುತ್ತದೆ. ಕೊನೆಗೆ ಉಳಿಯುವುದು ಸೋಮಾರಿ, ಕುಂಭಕರ್ಣ ಎಂಬ ಬೈಗುಳ. ಅದು ನಿಲ್ಲಬೇಕು. ಮಕ್ಕಳಿಗೆ ಅದರಿಂದ ನೋವಾಗುತ್ತದೆಯೇ ಹೊರತು ಎಚ್ಚರವಾಗುವುದಿಲ್ಲ.

ಗಾಢ ನಿದ್ದೆ ಸ್ವಭಾವದ ದೋಷವಲ್ಲ. ಮಲಗಿದಾಗ ಮೆದುಳಿನಲ್ಲಿ ಆಗಾಗ ಚಿಮ್ಮುವ ವೇಗದ ವಿದ್ಯುತ್ ಅಲೆಗಳಿಗೆ ವಿಜ್ಞಾನಿಗಳು ಸ್ಪಿಂಡಲ್ ಎನ್ನುತ್ತಾರೆ. 2010ರಲ್ಲಿ ಹಾರ್ವರ್ಡ್‌ನ ಸಂಶೋಧಕರು ನಿದ್ದೆಯಲ್ಲಿದ್ದವರಿಗೆ ಫೋನ್ ರಿಂಗು, ವಾಹನಗಳ ಸದ್ದು ಕೇಳಿಸಿ ನೋಡಿದರು. ಸ್ಪಿಂಡಲ್ ಹೆಚ್ಚಿದ್ದವರ ನಿದ್ದೆ ಸುಲಭಕ್ಕೆ ಕೆಡಲಿಲ್ಲ. ಆ ಅಲೆಗಳು ಯಾರಲ್ಲಿ ಎಷ್ಟಿರಬೇಕು ಎಂಬುದನ್ನು ಯಾರೂ ಹಟತೊಟ್ಟು ಬದಲಿಸಲಾರರು.

ಹದಿಹರೆಯ ಇನ್ನೊಂದು ತೊಡಕು ತರುತ್ತದೆ. ದೇಹವನ್ನು ನಿದ್ದೆಗೆ ಅಣಿಮಾಡುವ ಮೆಲಟೊನಿನ್ ಹಾರ್ಮೋನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೇ ಮಲಗಿಸಿದರೂ ಹನ್ನೊಂದರವರೆಗೆ ಹಲವರಿಗೆ ನಿದ್ದೆ ಹತ್ತುವುದಿಲ್ಲ. ಇವರಿಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ಐದೂವರೆಗೆ ಎಬ್ಬಿಸಿದರೆ ಸಿಕ್ಕಿದ್ದು ಬರೀ ಆರೂವರೆ ಗಂಟೆ. ಎದ್ದು ಕೂತ ಮೇಲೂ ಮಂಪರು ಅರ್ಧ ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಇಳಿಯುವುದಿಲ್ಲ. ಅಂಥ ತಲೆಗೆ ಟ್ಯೂಷನ್ನಿನ ಕ್ಯಾಲ್ಕುಲಸ್ ಹತ್ತುವುದಾದರೂ ಹೇಗೆ?

ಹಾಗೆಂದು ಮನೆಯವರು ಕೈಚೆಲ್ಲಿ ಕೂರಬೇಕಿಲ್ಲ. ಅಮೆರಿಕದ ಒಹಾಯೊದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 5ರಿಂದ 12 ವರ್ಷದ 176 ಮಕ್ಕಳನ್ನು ಗಾಢ ನಿದ್ದೆಯಿಂದ ಎಬ್ಬಿಸಲು ಪ್ರಯತ್ನಿಸಿದರು. ಬೆಂಕಿ ಬಿದ್ದಾಗ ಕಿರುಚುವ ಅಲಾರಂ ಸದ್ದಿಗೆ ಎದ್ದವರು ಹೆಚ್ಚುಕಡಿಮೆ ಅರ್ಧದಷ್ಟು. ಅಮ್ಮನ ಧ್ವನಿಮುದ್ರಣಕ್ಕೆ ನೂರಕ್ಕೆ ಸುಮಾರು 90 ಮಂದಿ ಎದ್ದರು. ಅಂದರೆ ಅಲಾರಮ್ಮಿನ ಅಬ್ಬರ ಹೆಚ್ಚಿಸುತ್ತ ಹೋಗುವುದಕ್ಕಿಂತ ಹತ್ತಿರ ಬಂದು ಕರೆಯುವುದು ಒಳ್ಳೆಯದು. ಜೊತೆಗೆ ಕಿಟಕಿಯ ಪರದೆ ಸರಿಸಿ ಬೆಳಕು ಬಿಡಬೇಕು, ಭಾನುವಾರವೂ ಏಳುವ ಹೊತ್ತು ತೀರಾ ಏರುಪೇರಾಗದಂತೆ ನೋಡಿಕೊಳ್ಳಬೇಕು, ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರ ಇಡಿಸಬೇಕು. ಸಾಕಷ್ಟು ಮಲಗಿದರೂ ಏಳಲಾಗದೆ, ಜೋರು ಗೊರಕೆಯೂ ಇದ್ದರೆ ವೈದ್ಯರಿಗೆ ತೋರಿಸಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮಕ್ಕಳಿಗೂ ಬರುತ್ತದೆ.

ಆದರೆ ಮನೆಯವರು ಏನೇ ಮಾಡಿದರೂ ಆರು ಗಂಟೆಯ ಟ್ಯೂಷನ್ನನ್ನು ಎಂಟಕ್ಕೆ ತರಲಾರರು. ತರಗತಿಗಳ ವೇಳೆಯೇ ಬದಲಾಗಬೇಕು. ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂಬ ಆಕ್ಷೇಪ ಸಾಮಾನ್ಯ. ಅದಕ್ಕೆ ಅಮೆರಿಕದ ಸಿಯಾಟಲ್ ನಗರದಲ್ಲಿ ಉತ್ತರವಿದೆ. 2016ರಲ್ಲಿ ಅಲ್ಲಿನ ಪ್ರೌಢಶಾಲೆಗಳ ಆರಂಭ 7.50ರಿಂದ 8.45ಕ್ಕೆ ಸರಿಯಿತು. ಮಕ್ಕಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಸಿಕ್ಕಿತ್ತು. 2022ರಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ, ಕೆಲವು ಗ್ರಾಮೀಣ ಜಿಲ್ಲೆಗಳನ್ನು ಬಿಟ್ಟರೆ, ಪ್ರೌಢಶಾಲೆ ಎಂಟೂವರೆಗೆ ಮೊದಲು ಆರಂಭವಾಗುವಂತಿಲ್ಲ. ನೆರೆಯ ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಒಂಬತ್ತರ ಮೊದಲು ತರಗತಿ ಬೇಡ ಎಂದು ಆದೇಶಿಸಿತು.

ಬೆಂಗಳೂರಿನಲ್ಲೂ 2023ರಲ್ಲಿ ಶಾಲಾ ವೇಳೆಯ ಬದಲಾವಣೆ ಚರ್ಚೆಗೆ ಬಂದಿತ್ತು. ಆಗ ಎಲ್ಲರ ಬಾಯಲ್ಲಿದ್ದದ್ದು ಟ್ರಾಫಿಕ್. ನಿದ್ದೆಯ ಮಾತು ಹಿಂದೆ ಬಿತ್ತು. ಬಸ್ಸಿನ ಸಮಯ, ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರ ಪಾಡು ನಿಜವಾದ ಕಷ್ಟಗಳೇ, ಅವುಗಳಿಗೆ ದಾರಿ ಹುಡುಕಬೇಕು. ನಿದ್ದೆಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿರುವ ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಶಿಕ್ಷಣ ಇಲಾಖೆ ಅಲ್ಲಿನ ತಜ್ಞರನ್ನು ಕೂರಿಸಿಕೊಂಡು, ಕಾಲೇಜು ಮತ್ತು ಕೋಚಿಂಗ್ ಕೇಂದ್ರಗಳ ಮೊದಲ ತರಗತಿ ಎಷ್ಟು ಗಂಟೆಗೆ ಎಂಬುದನ್ನು ಹೊಸದಾಗಿ ನಿರ್ಧರಿಸಲಿ.